ನಿಮಗಿದು ಗೊತ್ತೆ? ಕೂದಲಿಗೆ ‘ಬೆಳೆ’, ‘ನಿಲ್ಲು’ ಎನ್ನುವುದು ಯಾರು?

ಹುಬ್ಬಿಗೆ ಕತ್ತರಿ ತಾಗಿಸದಿದ್ದರೂ ಅದು ಜಡೆಯಷ್ಟು ಉದ್ದವಾಗುವುದಿಲ್ಲ. ಕೂದಲು ಎಷ್ಟು ಕಾಲ ಬೆಳೆಯಬೇಕು ಎಂಬುದನ್ನು ಅದರ ಬುಡದ ಜೀವಕೋಶಗಳು ರಾಸಾಯನಿಕ ಸಂಕೇತಗಳ ಮೂಲಕ ತೀರ್ಮಾನಿಸುತ್ತವೆ.

● ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ.ನಂತೆ 2ರಿಂದ 6 ವರ್ಷ ಬೆಳೆಯುತ್ತದೆ. ಬಳಿಕ 2–3 ವಾರಗಳಲ್ಲಿ ಬುಡ ಕುಗ್ಗಿ, ಸುಮಾರು 3 ತಿಂಗಳು ವಿಶ್ರಮಿಸುತ್ತದೆ. ಹುಬ್ಬಿನ ಕೂದಲು ಬೆಳೆಯುವುದು ಕೆಲವೇ ತಿಂಗಳು.

● ವಿಶ್ರಾಂತಿಯಲ್ಲಿ ಬುಡದ ಕಾಂಡಕೋಶಗಳನ್ನು ‘ಬಿಎಂಪಿ’ ಎಂಬ ಪ್ರೋಟೀನ್‌ಗಳು ಸುಮ್ಮನಿರಿಸುತ್ತವೆ. ಅವುಗಳ ಹಿಡಿತ ಸಡಿಲವಾಗಿ ‘ವಿಂಟ್’ ಸಂಕೇತ ಬಲಗೊಂಡಾಗ ಹೊಸ ಕೂದಲು ಹುಟ್ಟುತ್ತದೆ.

● ಕೂದಲ ಬುಡ ಒಂಟಿಯಲ್ಲ. ಸುತ್ತಲಿನ ಚರ್ಮ ಮತ್ತು ಅದರಡಿಯ ಕೊಬ್ಬಿನ ಕೋಶಗಳೂ ಬಿಎಂಪಿ ಸಂಕೇತ ಕಳಿಸುತ್ತವೆ ಎಂದು 2008ರಲ್ಲಿ ಇಲಿಗಳ ಮೇಲಿನ ಅಧ್ಯಯನ ತೋರಿಸಿತು.

● ಬೆಳವಣಿಗೆ ನಿಲ್ಲಿಸುವ ಸಂಕೇತಗಳಲ್ಲಿ ‘ಎಫ್‌ಜಿಎಫ್5’ ಮುಖ್ಯವಾದದ್ದು. 1994ರಲ್ಲಿ ವಿಜ್ಞಾನಿಗಳು ಇಲಿಗಳಲ್ಲಿ ಇದರ ಜೀನ್ ನಿಷ್ಕ್ರಿಯಗೊಳಿಸಿದಾಗ ಅವುಗಳ ತುಪ್ಪಳ ಮಾಮೂಲಿಗಿಂತ ಉದ್ದವಾಯಿತು. ಅನೇಕ ತಳಿಗಳ ನಾಯಿ, ಬೆಕ್ಕುಗಳ ನೀಳ ಕೂದಲಿಗೂ ಇದೇ ಜೀನ್‌ನ ಬದಲಾವಣೆ ಕಾರಣ.

● ತೀವ್ರ ಜ್ವರ ಅಥವಾ ಹೆರಿಗೆಯ ನಂತರ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಜಾರಬಹುದು. ಹಾಗಾಗಿ 2–3 ತಿಂಗಳ ಬಳಿಕ ಬಾಚಣಿಗೆ ತುಂಬ ಕೂದಲು ಬರುತ್ತದೆ. ಗಾಬರಿ ಬೇಡ. ಬುಡ ಜೀವಂತವಾಗಿರುವುದರಿಂದ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕೂದಲು ಮತ್ತೆ ಬೆಳೆಯುತ್ತದೆ. ಉದುರುವುದು ಆರು ತಿಂಗಳಾದರೂ ನಿಲ್ಲದಿದ್ದರೆ ಚರ್ಮವೈದ್ಯರನ್ನು ಕಾಣಿ.