ನಿಮಗಿದು ಗೊತ್ತೆ? ಹೊಸಪೇಟೆ ಹುಟ್ಟಿದ್ದೇ ರಾಜಧಾನಿಯ ಹೊರವಲಯದ ಊರಾಗಿ

ಬೆಂಗಳೂರಿಗೆ ಬಿಡದಿ, ನೆಲಮಂಗಲ ಇದ್ದ ಹಾಗೆ ರಾಜಧಾನಿ ವಿಜಯನಗರಕ್ಕೂ, ಅಂದರೆ ಇಂದಿನ ಹಂಪಿಗೂ, ಒಂದು ಹೊರ ಊರು ಇತ್ತು. ಅದೇ ಇಂದಿನ ಹೊಸಪೇಟೆ. ಕೃಷ್ಣದೇವರಾಯ ಕಟ್ಟಿಸಿದ ಈ ಪಟ್ಟಣದ ಆಗಿನ ಹೆಸರು ನಾಗಲಾಪುರ. ಊರಿಗೆ ಹೆಸರು ಕೊಟ್ಟ ಆ ನಾಗಲೆ ರಾಯನ ರಾಣಿಯೋ ತಾಯಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಪಶ್ಚಿಮ ಕರಾವಳಿಯಿಂದ, ಗೋವೆಯಿಂದ ಬರುವವರು ಮೊದಲು ಕಾಲಿಡುತ್ತಿದ್ದುದು ಇಲ್ಲಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಂದ ರಾಜಧಾನಿಗೆ ಹೋಗುವ ದಾರಿಯನ್ನು ಬಾಯ್ತುಂಬ ಹೊಗಳಿದ್ದಾನೆ: ವಿಶಾಲವಾದ ಬೀದಿ, ಎರಡೂ ಬದಿಗೆ ಸಾಲು ಮನೆ, ಅಂಗಡಿ. ದಾರಿಹೋಕರ ನೆರಳಿಗೆಂದು ರಾಯ ಮರಗಳನ್ನೂ ನೆಡಿಸಿದ್ದನಂತೆ. ರಸ್ತೆ ಅಗಲಿಸಲು ಮರ ಕಡಿಯುವ ನಮ್ಮ ಕಾಲಕ್ಕೆ ಇದು ವಿಚಿತ್ರ ಎನಿಸೀತು!

ಹಂಪಿಗೆ ಹೋಗುವ ಅದೇ ದಾರಿಯಲ್ಲಿ ಸಿಗುವ ಅನಂತಶಯನಗುಡಿ 1524ರದು. ಅಲ್ಲೂ ಒಂದು ಹೊಸ ಬಡಾವಣೆ ಎದ್ದಿತ್ತು. ರಾಯನ ಮಗ ತಿರುಮಲನ ಹೆಸರಲ್ಲಿ. ಮಲಗಿದ ದೇವರಿಗೆಂದು ಉದ್ದನೆಯ ಗರ್ಭಗುಡಿ ಕಟ್ಟಿದರು, ದೇವರು ಮಾತ್ರ ಹೂವಿನಹಡಗಲಿ ಕಡೆಯ ಹೊಳಲಿನಲ್ಲೇ ಉಳಿದ ಎಂಬುದು ಜನರ ನಂಬಿಕೆ.

ವಿಜಯನಗರ ಸೋತ 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು, ಹೊರ ಊರು ಬದುಕಿಕೊಂಡಿತು. 1953ರಲ್ಲಿ ಪಕ್ಕದಲ್ಲೇ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತಿತು. ಸಂಡೂರಿನ ಅದಿರು, ಕಂಪ್ಲಿಯ ಭತ್ತ, ಹಂಪಿಯ ಪ್ರವಾಸಿಗಳು ಎಲ್ಲಕ್ಕೂ ಇದೇ ಜಂಕ್ಷನ್. 2021ರಿಂದ ಹೊಸಪೇಟೆಯೇ ವಿಜಯನಗರ ಜಿಲ್ಲೆಯ ಕೇಂದ್ರ. ಹಂಪಿ ಈಗ ಅದರ ತಾಲ್ಲೂಕಿನೊಳಗಿನ ಒಂದು ಹಳ್ಳಿ.