ಎರಡನೆಯ ಬೆನ್ನು ಕಟ್ಟಿದವರು ಯಾರು?

ಪಿಯುಸಿ ತರಗತಿಯಲ್ಲಿ ಭ್ರೂಣದ ಪಾಠ ಬಂದಾಗ ನಾನು ಚಿತ್ರ ಬರೆಸುವ ಮೊದಲು ಒಂದು ಹಳೆಯ ತಕರಾರನ್ನು ಮಕ್ಕಳ ಮುಂದಿಡುತ್ತೇನೆ. 1888ರಲ್ಲಿ ವಿಲ್ಹೆಲ್ಮ್ ರೂ ಎಂಬ ಜರ್ಮನ್ ವಿಜ್ಞಾನಿ, ಕಪ್ಪೆಯ ಮೊಟ್ಟೆ ಒಡೆದು ಎರಡು ಕೋಶಗಳಾದ ಹಂತದಲ್ಲಿ, ಒಂದಕ್ಕೆ ಕಾದ ಸೂಜಿ ಚುಚ್ಚಿ ಕೊಂದರು. ಉಳಿದದ್ದು ಅರ್ಧ ಭ್ರೂಣವಾಯಿತು. ಪ್ರತಿ ಕೋಶದ ಪಾಲು ಮೊದಲೇ ನಿಗದಿಯಾಗಿರುತ್ತದೆ ಎಂಬ ಅವರ ಊಹೆ ಗೆದ್ದಂತೆ ಕಂಡಿತು. ಕೆಲವೇ ವರ್ಷಗಳಲ್ಲಿ ಹಾನ್ಸ್ ಡ್ರೀಶ್, ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಎರಡು ಕೋಶಗಳನ್ನು ಅಲುಗಾಡಿಸಿ ಬೇರೆ ಮಾಡಿದರು. ಗಾತ್ರದಲ್ಲಿ ಚಿಕ್ಕವಾದರೂ ಪೂರ್ಣ ಲಾರ್ವಾಗಳೇ ಹುಟ್ಟಿದವು!

ಪ್ರಾಣಿ ಬೇರೆ, ಅದಕ್ಕೆ ಹಾಗಾಯಿತು ಎನ್ನುತ್ತಾರೆ ಮಕ್ಕಳು. ಆದರೆ ರೂ ಸತ್ತ ಕೋಶವನ್ನು ಅಲ್ಲೇ ಬಿಟ್ಟಿದ್ದರು. 1910ರಲ್ಲಿ ಮೆಕ್‌ಕ್ಲೆಂಡನ್ ಎಂಬ ವಿಜ್ಞಾನಿ ಕಪ್ಪೆಯಲ್ಲೇ ಎರಡರಲ್ಲಿ ಒಂದು ಕೋಶವನ್ನು ಹೀರಿ ತೆಗೆದೇಬಿಟ್ಟಾಗ, ಉಳಿದದ್ದು ಇಡೀ ಭ್ರೂಣವಾಗಿ ಬೆಳೆಯಿತು. ಕೊಲ್ಲುವುದು ಬೇರೆ, ತೆಗೆಯುವುದು ಬೇರೆ.

ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಫ್ರೈಬರ್ಗ್‌ನದು. ಹಾನ್ಸ್ ಸ್ಪೀಮನ್ ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್, ನಮ್ಮ ಕಡೆ ಕಾಣಸಿಗದ ನ್ಯೂಟ್ ಎಂಬ ಹಲ್ಲಿಯಾಕಾರದ ಉಭಯಚರದ ಭ್ರೂಣದಿಂದ ಬೆನ್ನು ಮೂಡುವ ಕಡೆಯ ಚೂರೊಂದನ್ನು ಕತ್ತರಿಸಿ, ಮತ್ತೊಂದು ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಿದರು. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ. ಬಹುಪಾಲು ಭ್ರೂಣಗಳು ಸತ್ತವು. ಬದುಕಿದ ಕೆಲವುಗಳಲ್ಲಿ ಎರಡನೆಯ ಬೆನ್ನು, ಎರಡನೆಯ ನರನಾಳ ಮೂಡಿದವು.

ಅದನ್ನು ಕಟ್ಟಿದ್ದು ಕಸಿಯ ಚೂರೋ, ಆಶ್ರಯ ಕೊಟ್ಟ ಭ್ರೂಣವೋ? ಇದನ್ನು ತಿಳಿಯಲೆಂದೇ ಅವರು ಎರಡು ಜಾತಿಯ ನ್ಯೂಟ್ ಆರಿಸಿದ್ದರು: ದಾನಿಯ ಕೋಶಗಳಿಗೆ ಬಣ್ಣ ಕಡಿಮೆ, ಆಶ್ರಯದಾತನ ಕೋಶಗಳಿಗೆ ಹೆಚ್ಚು. ಸೂಕ್ಷ್ಮದರ್ಶಕದಡಿ ನೋಡಿದರೆ ಹೊಸ ನರನಾಳದ ಹೆಚ್ಚಿನ ಕೋಶಗಳು ಬಣ್ಣದವು. ಹೊಟ್ಟೆಯ ಚರ್ಮವಾಗಬೇಕಿದ್ದ ಕೋಶಗಳಿಗೆ ಆ ಚೂರು ದಾರಿ ತೋರಿಸಿತ್ತು. ಈ ಬಣ್ಣದ ಯೋಚನೆಯಿಲ್ಲದೆ ಪ್ರಯೋಗ ಅರ್ಧಕ್ಕೇ ನಿಲ್ಲುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

1924ರಲ್ಲಿ ಪ್ರಬಂಧ ಅಚ್ಚಾಯಿತು. ಅದೇ ವರ್ಷ ಮನೆಯ ಒಲೆ ಸಿಡಿದು ಹಿಲ್ಡೆ ತೀರಿಕೊಂಡರು, ವಯಸ್ಸು ಇಪ್ಪತ್ತೈದು. 1935ರ ನೊಬೆಲ್ ಸ್ಪೀಮನ್ ಒಬ್ಬರಿಗೇ ಬಂತು. ನಮ್ಮ ಶಿಕ್ಷಕರು ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳಬೇಕು.

ಆ ಚೂರು ದಾರಿ ತೋರಿಸಬಲ್ಲದು ಎಂದು ಕಸಿಯಿಂದ ತಿಳಿಯಿತು. ಯಾವ ವಸ್ತುವಿನಿಂದ ಎಂದು ತಿಳಿಯಲು ದಶಕಗಳೇ ಹಿಡಿದವು. 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್ ಎಂಬ ಪ್ರೋಟೀನ್‌ಗಳ ಜೀನ್‌ಗಳು ಸಿಕ್ಕವು. ಅವು ನಿಜಕ್ಕೂ ಬೇಕೇ ಎಂದು ನೋಡಲು ಅವನ್ನು ಇಲ್ಲವಾಗಿಸಲೇಬೇಕು. 2005ರಲ್ಲಿ ರಿಚರ್ಡ್ ಹಾರ್ಲಂಡ್ ತಂಡ ಆಫ್ರಿಕಾದ ಕಪ್ಪೆಯ ಭ್ರೂಣದಲ್ಲಿ ಇವೆರಡರ ಜೊತೆ ಫಾಲಿಸ್ಟಾಟಿನ್ ಎಂಬ ಮತ್ತೊಂದು ಪ್ರೋಟೀನನ್ನೂ ತಡೆಯಿತು. ಒಂದೊಂದನ್ನೇ ತಡೆದಾಗ ಅಷ್ಟಾಗಿ ಕೆಡದ ಭ್ರೂಣಕ್ಕೆ, ಮೂರೂ ಇಲ್ಲವಾದಾಗ ಬೆನ್ನಿನ ಕಡೆಯ ಅಂಗಗಳು ಬೆಳೆಯಲೇ ಇಲ್ಲ.