ಮಂಜು ಮುಸುಕಿದರೆ ವಿಮಾನವೇಕೆ ನಿಲ್ಲುತ್ತದೆ?

ಹೊನ್ನಾಳಿಯ ವಿದ್ಯಾರ್ಥಿನಿಯೊಬ್ಬಳಿಗೆ ದೆಹಲಿಯಲ್ಲಿ ಮಧ್ಯಾಹ್ನ 2 ಗಂಟೆಗೆ ಸಂದರ್ಶನವಿದೆ ಎಂದಿಟ್ಟುಕೊಳ್ಳಿ. ತಿಂಗಳು ಜನವರಿ. ಹಿಂದಿನ ರಾತ್ರಿ ಬಸ್ಸು ಹತ್ತಿದವಳು ಮುಂಜಾನೆ 4 ಗಂಟೆಗೆ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಸೇರಿದ್ದಾಳೆ. ವಿಮಾನ ಹೊರಡಬೇಕಾದದ್ದು 6 ಗಂಟೆಗೆ. ಮಳೆಯಿಲ್ಲ, ಗುಡುಗಿಲ್ಲ, ಗಾಳಿಯೂ ಇಲ್ಲ. ಆದರೂ ಫಲಕದಲ್ಲಿ ‘ವಿಳಂಬ’ ಎಂಬ ಪದ ಮೂಡುತ್ತದೆ. 7 ಗಂಟೆಯಾಗುತ್ತದೆ, 8 ಆಗುತ್ತದೆ. ಗಾಜಿನಾಚೆ ಬೆಳ್ಳನೆಯ ಪರದೆ. ಅಷ್ಟು ದೊಡ್ಡ ಯಂತ್ರ ಇಷ್ಟು ತೆಳುವಾದ ಮಂಜಿಗೆ ಹೆದರಿ ಕುಳಿತಿತೇ ಎಂದು ಅವಳಿಗೆ ಅನಿಸಿದರೆ ತಪ್ಪೇನಿಲ್ಲ.

ಉತ್ತರ ಅವಳ ಊರಿನ ಗದ್ದೆಬಯಲಿನಲ್ಲೇ ಆರಂಭವಾಗುತ್ತದೆ. ಹೊನ್ನಾಳಿ, ನ್ಯಾಮತಿಗಳ ತುಂಗಭದ್ರಾ ತೀರದಲ್ಲಿ, ಭದ್ರಾ ನಾಲೆಯ ನೀರುಂಡ ಗದ್ದೆಗಳಲ್ಲಿ, ಚನ್ನಗಿರಿಯ ಅಡಿಕೆ ತೋಟಗಳಲ್ಲಿ, ಸೂಳೆಕೆರೆಯ ಅಂಚಿನಲ್ಲಿ ಚಳಿಗಾಲದ ಮುಂಜಾನೆ ಮಂಜು ಕಟ್ಟುವುದಕ್ಕೂ ರನ್‌ವೇ ಮೇಲೆ ಮಂಜು ಕಟ್ಟುವುದಕ್ಕೂ ಭೌತ ವಿಜ್ಞಾನ ಒಂದೇ. ಜಗಳೂರಿನ ಒಣ ನೆಲದಲ್ಲಿ ಇದಕ್ಕೆ ಅವಕಾಶ ಕಡಿಮೆ. ಏಕೆಂದರೆ ಅಲ್ಲಿ ಚಳಿಯಿದ್ದರೂ ಗಾಳಿಗೆ ಸೇರಬೇಕಾದ ತೇವ ನೆಲದಲ್ಲಿರುವುದಿಲ್ಲ.

ಗಾಳಿ ಎಷ್ಟು ನೀರನ್ನು ಹೊರಬಲ್ಲದು?

ಗಾಳಿಯಲ್ಲಿ ಇರಬಹುದಾದ ನೀರಾವಿಗೆ ಒಂದು ಮಿತಿಯಿದೆ. ಆ ಮಿತಿಯನ್ನು ನಿರ್ಧರಿಸುವುದು ಉಷ್ಣತೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 17.3 ಗ್ರಾಂ ಆವಿ ಇರಬಹುದು. 15 ಡಿಗ್ರಿಯಲ್ಲಿ 12.8 ಗ್ರಾಂ, 14 ಡಿಗ್ರಿಯಲ್ಲಿ 12.1 ಗ್ರಾಂ. ಸಂಜೆಯ ಗಾಳಿಯಲ್ಲಿ 12.8 ಗ್ರಾಂ ಆವಿ ಇದೆ ಎನ್ನೋಣ. ರಾತ್ರಿ ಅದು 15 ಡಿಗ್ರಿಗೆ ಇಳಿದಾಗ ಸಂತೃಪ್ತವಾಗುತ್ತದೆ. ಇದೇ ಅದರ ತುಷಾರ ಬಿಂದು. ಇನ್ನೊಂದು ಡಿಗ್ರಿ ಇಳಿದರೆ 0.7 ಗ್ರಾಂ ಹೆಚ್ಚುವರಿಯಾಗುತ್ತದೆ. ಇದರಲ್ಲಿ ಬಹುಪಾಲು ಹುಲ್ಲು, ಎಲೆ, ತಗಡಿನ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಉಳಿದ ಅಲ್ಪ ಭಾಗ ದೂಳು, ಹೊಗೆಗಳ ಕಣಗಳನ್ನು ಆಶ್ರಯಿಸಿ ಸೂಕ್ಷ್ಮ ಹನಿಗಳಾಗಿ ಗಾಳಿಯಲ್ಲೇ ತೇಲುತ್ತದೆ. ಇದೇ ಮಂಜು.

ಗಾಳಿ ತಂಪಾಗುವುದು ಹೇಗೆ? ನೆಲ ಇಡೀ ರಾತ್ರಿ ಅವಕೆಂಪು ವಿಕಿರಣದ ಮೂಲಕ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಅಡ್ಡ ಬಂದು ಶಾಖದ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ನಷ್ಟ ಹೆಚ್ಚು. ಹಾಗಾಗಿ ‘ಆಕಾಶ ಎಷ್ಟು ಶುಭ್ರವಾಗಿದೆ!’ ಎಂದು ಹಿಂದಿನ ರಾತ್ರಿ ಸಂತೋಷಪಟ್ಟವರೇ ಬೆಳಿಗ್ಗೆ ವಿಮಾನ ತಡವಾಯಿತೆಂದು ಗೊಣಗುವುದುಂಟು. ಗಾಳಿಯ ವೇಗಕ್ಕೂ ಒಂದು ಹದ ಬೇಕು. ಎಲೆಯೂ ಅಲುಗದಿದ್ದರೆ ಬರಿಯ ಇಬ್ಬನಿ. ಸೆಕೆಂಡಿಗೆ ಒಂದೆರಡು ಮೀಟರ್ ವೇಗದ ಮೆಲುಗಾಳಿ ಇದ್ದರೆ ತಂಪು ಮೇಲಕ್ಕೂ ಹರಡಿ ಮಂಜು. ಇನ್ನೂ ಜೋರಾದರೆ ಮೇಲಿನ ಬೆಚ್ಚಗಿನ ಒಣ ಗಾಳಿ ಬೆರೆತು ಮಂಜು ಕಟ್ಟುವುದೇ ಇಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ರಾತ್ರಿ ಅತ್ಯಂತ ತಣ್ಣಗಿರುವುದು ನೆಲಕ್ಕೆ ಅಂಟಿದ ಗಾಳಿ ಎಂದು ನಾವೆಲ್ಲ ಭಾವಿಸುತ್ತೇವೆ. 1932ರಲ್ಲಿ ಎಲ್.ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಎಂಬ ಭಾರತೀಯ ವಿಜ್ಞಾನಿಗಳು ಹಾಗಲ್ಲವೆಂದು ಪ್ರಕಟಿಸಿದರು. ಗಾಳಿಯಾಡದ, ಮೋಡವಿಲ್ಲದ ರಾತ್ರಿಗಳಲ್ಲಿ ಅತಿ ಕಡಿಮೆ ಉಷ್ಣತೆ ಇರುವುದು ನೆಲದಿಂದ ಕೆಲವು ಹತ್ತು ಸೆಂಟಿಮೀಟರ್ ಮೇಲೆ ಎಂಬುದು ಅವರ ಅವಲೋಕನ. ಇದನ್ನು ನಂಬದೆ ಅಳತೆಯ ದೋಷವೆಂದವರೂ ಇದ್ದರು. ಆದರೆ ಮುಂದೆ ಬೇರೆಡೆಗಳಲ್ಲೂ ಇದು ಕಂಡುಬಂತು. ಈಗ ಇದಕ್ಕೆ ‘ರಾಮದಾಸ್ ಪದರ’ ಎಂದೇ ಹೆಸರು. ಇದರ ಸೈದ್ಧಾಂತಿಕ ವಿವರಣೆಗೆ ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು 1990ರ ದಶಕದಲ್ಲಿ ಶ್ರಮಿಸಿದರು. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಗೂ ಇದರಲ್ಲಿ ಪಾತ್ರವಿದೆಯೆಂದು ನಂತರದ ಸಂಶೋಧನೆ ತಿಳಿಸಿತು. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ.ಆರ್. ಶ್ರೀನಿವಾಸ್ ಅವರ ತಂಡ ಕೆಂಪೇಗೌಡ ನಿಲ್ದಾಣದಲ್ಲೇ ಉಪಕರಣಗಳನ್ನಿಟ್ಟು ಮಂಜಿನ ಅಧ್ಯಯನ ನಡೆಸಿದೆ. ಕುತೂಹಲಕ್ಕೆಂದು ಆರಂಭವಾದ ಅಳತೆ ಎಂಬತ್ತು ವರ್ಷಗಳ ನಂತರ ವಿಮಾನಗಳ ವೇಳಾಪಟ್ಟಿಯ ಸಮಸ್ಯೆಗೆ ಬಂದು ಸೇರಿತು.

0.1 ಗ್ರಾಂ ನೀರಿನ ಮಹಿಮೆ

ದಟ್ಟ ಮಂಜಿನಲ್ಲಿ ತೇಲುವ ನೀರು ಘನ ಮೀಟರಿಗೆ ಸುಮಾರು 0.1 ಗ್ರಾಂ ಮಾತ್ರ. ಅಂದರೆ ಎರಡು ಹನಿ! ಇಷ್ಟು ನೀರು ದಾರಿ ಕಾಣದಂತೆ ಹೇಗೆ ಮಾಡುತ್ತದೆ? ಲೆಕ್ಕ ಹಾಕಿ ನೋಡೋಣ. ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದಾದಷ್ಟು ಸರಳವಾದ ಲೆಕ್ಕವಿದು.

ಹನಿಯ ತ್ರಿಜ್ಯ 5 ಮೈಕ್ರೋಮೀಟರ್ ಎನ್ನೋಣ. ಆಗ 0.1 ಗ್ರಾಂ ನೀರಿನಿಂದ ಘನ ಮೀಟರಿಗೆ ಸುಮಾರು 19 ಕೋಟಿ ಹನಿಗಳಾಗುತ್ತವೆ, ಎಂದರೆ ಪ್ರತಿ ಘನ ಸೆಂಟಿಮೀಟರಿನಲ್ಲಿ 190. ಅವೆಲ್ಲವುಗಳ ಅಡ್ಡಕೊಯ್ತ ಕೂಡಿಸಿದರೆ ಸುಮಾರು 150 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. ವಿವರ್ತನೆಯ ಕಾರಣ ಇಂಥ ಹನಿ ತನ್ನ ಅಡ್ಡಕೊಯ್ತದ ಎರಡರಷ್ಟು ಬೆಳಕನ್ನು ದಾರಿ ತಪ್ಪಿಸುತ್ತದೆ. ಹೀಗಾಗಿ ಪ್ರತಿ ಮೀಟರ್ ಸಾಗಿದಾಗಲೂ ಬೆಳಕಿನಲ್ಲಿ ಶೇ. 3ರಷ್ಟು ನಷ್ಟ. ಬೆಳಕು ಮೂಲದ ಶೇ. 5ಕ್ಕೆ ಇಳಿಯುವ ದೂರವನ್ನು ಗೋಚರತೆ ಎನ್ನುವುದು ವಾಡಿಕೆ. ಲೆಕ್ಕದಲ್ಲಿ ಇದು 3 ಭಾಗಿಸು 0.03, ಅಂದರೆ 100 ಮೀಟರ್.

ಈಗ ಅದೇ 0.1 ಗ್ರಾಂ ನೀರನ್ನು ಒಂದು ಮಿಲಿಮೀಟರ್ ವ್ಯಾಸದ ಮಳೆಹನಿಗಳಾಗಿ ಮಾಡಿ. ಘನ ಮೀಟರಿಗೆ ಕೇವಲ 190 ಹನಿ. ಅಡ್ಡಕೊಯ್ತ ನೂರು ಪಟ್ಟು ಕಡಿಮೆ. ಗೋಚರತೆ 10 ಕಿಲೋಮೀಟರ್! ಮಳೆಯಲ್ಲಿ ಇಳಿಯುವ ವಿಮಾನ ಮಂಜಿನಲ್ಲಿ ನಿಲ್ಲುವುದರ ಗುಟ್ಟು ಇಷ್ಟೇ. ದೆಹಲಿಯ ಮಂಜು ನಮ್ಮದಕ್ಕಿಂತ ಏಕೆ ಕೆಟ್ಟದ್ದೆಂಬುದಕ್ಕೂ ಇಲ್ಲೊಂದು ಸುಳಿವಿದೆ. ಹೊಗೆಯ ಕಣಗಳು ಹೆಚ್ಚಿದ್ದಲ್ಲಿ ಅಷ್ಟೇ ನೀರು ಇನ್ನೂ ಹೆಚ್ಚು, ಇನ್ನೂ ಸಣ್ಣ ಹನಿಗಳಾಗಿ ಹಂಚಿಹೋಗುತ್ತದೆ. ತ್ರಿಜ್ಯ ಅರ್ಧವಾದರೆ ಗೋಚರತೆಯೂ ಅರ್ಧ.

ಗೋಚರತೆ 1,000 ಮೀಟರಿಗಿಂತ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಮಂಜು ಎನ್ನುತ್ತದೆ. 200ಕ್ಕಿಂತ ಕೆಳಗೆ ದಟ್ಟ, 50ಕ್ಕಿಂತ ಕೆಳಗೆ ಅತಿ ದಟ್ಟ. ರನ್‌ವೇ ಪಕ್ಕದಲ್ಲಿ ಇದನ್ನು ಅಳೆಯುವುದು ಕಣ್ಣಲ್ಲ, ಉಪಕರಣ. ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆ ಎಷ್ಟು ತಲುಪಿತೆಂದು ನೋಡುವುದು. ನಮ್ಮ 100 ಮೀಟರ್ ಗೋಚರತೆಯ ಮಂಜಿನಲ್ಲಿ 30 ಮೀಟರ್ ಆಚೆಗೆ ತಲುಪುವುದು ಶೇ. 41 ಬೆಳಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಇಂಥ ಉಪಕರಣದ ಹೆಸರು ‘ದೃಷ್ಟಿ’. ದೇಶದ ಹಲವು ನಿಲ್ದಾಣಗಳಲ್ಲಿ ಅದು ಕೆಲಸ ಮಾಡುತ್ತಿದೆ.

ಹದಿನಾರು ಸೆಕೆಂಡು

ವಿಮಾನ ಇಳಿಯುವಾಗ 3 ಡಿಗ್ರಿ ಇಳಿಜಾರಿನಲ್ಲಿ, ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಲ್ಲಿ ಬರುತ್ತದೆ. ರನ್‌ವೇ ಕಡೆಯಿಂದ ಹೊರಡುವ ಎರಡು ರೇಡಿಯೋ ಕಿರಣಗಳು ಅದಕ್ಕೆ ದಾರಿ ತೋರುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಎತ್ತರಕ್ಕೆ. ಈ ವ್ಯವಸ್ಥೆಯ ಮೊದಲ ದರ್ಜೆಯಲ್ಲಿ ನೆಲದಿಂದ 60 ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಪೈಲಟ್‌ಗೆ ರನ್‌ವೇ ದೀಪಗಳು ಕಣ್ಣಿಗೆ ಬೀಳಲೇಬೇಕು. ಇಲ್ಲವೆಂದರೆ ಮತ್ತೆ ಮೇಲಕ್ಕೆ. ಆ ಬಿಂದುವಿನಿಂದ ನೆಲ ಮುಟ್ಟುವ ತಾಣ ಸುಮಾರು 1,145 ಮೀಟರ್ ದೂರ, ಅಂದರೆ 16 ಸೆಕೆಂಡು. ಗೋಚರತೆ 100 ಮೀಟರ್ ಇದ್ದರೆ ಕಣ್ಣಿಗೆ ಸಿಗುವುದು ಒಂದೂವರೆ ಸೆಕೆಂಡು. ಅಷ್ಟರಲ್ಲಿ ಯಾವ ನಿರ್ಧಾರ ಸಾಧ್ಯ?

ಇದಕ್ಕೆ ಪರಿಹಾರವೇ ‘ಕ್ಯಾಟ್ 3ಬಿ’ ಎಂಬ ಮೇಲಿನ ದರ್ಜೆ. ಇದರಲ್ಲಿ ವಿಮಾನ ಬಹುಮಟ್ಟಿಗೆ ತಾನೇ ಇಳಿಯುತ್ತದೆ. ದೇವನಹಳ್ಳಿಯಲ್ಲಿ ಮೊದಲು ಇಳಿಯಲು 550 ಮೀಟರ್, ಏರಲು 300 ಮೀಟರ್ ಗೋಚರತೆ ಬೇಕಿತ್ತು. 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂದ ದಕ್ಷಿಣದ ರನ್‌ವೇಗೆ 2020ರ ಕೊನೆಯಲ್ಲಿ ಈ ದರ್ಜೆ ದೊರೆತು ಮಿತಿಗಳು 50 ಮೀಟರ್ ಮತ್ತು 125 ಮೀಟರಿಗೆ ಇಳಿದವು. ದಕ್ಷಿಣ ಭಾರತದಲ್ಲಿ ಇದೇ ಮೊದಲು.

ಹಾಗಾದರೆ ಇನ್ನೂ ವಿಳಂಬವೇಕೆ? ನೆಲದ ಉಪಕರಣವೊಂದಿದ್ದರೆ ಸಾಲದು. ವಿಮಾನದಲ್ಲೂ ಅದಕ್ಕೆ ತಕ್ಕ ಸಾಧನ ಬೇಕು, ಪೈಲಟ್‌ಗಳಿಗೂ ಆ ತರಬೇತಿ ಆಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಹಳೆಯ ಮಿತಿಯೇ. ಜೊತೆಗೆ, ಮುಂದಿನ ವಿಮಾನ ರನ್‌ವೇಯಲ್ಲಿದ್ದರೆ ಅದರ ಲೋಹದ ಮೈಯಿಂದ ರೇಡಿಯೋ ಕಿರಣ ಪ್ರತಿಫಲಿಸಿ ಹಿಂದಿನದಕ್ಕೆ ತಪ್ಪು ದಾರಿ ತೋರಬಹುದು. ಆದ್ದರಿಂದ ಮಂಜಿನಲ್ಲಿ ವಿಮಾನಗಳ ನಡುವಿನ ಅಂತರ ಹೆಚ್ಚಿಸುತ್ತಾರೆ. ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಕುಸಿಯುತ್ತದೆ. ಉಳಿದವು ಆಕಾಶದಲ್ಲಿ ಸುತ್ತುತ್ತವೆ, ಇಲ್ಲವೇ ಚೆನ್ನೈಗೋ ಹೈದರಾಬಾದಿಗೋ ಹೋಗುತ್ತವೆ. ಎಟಿಆರ್‌ನಂಥ ಸಣ್ಣ ವಿಮಾನಗಳಿಗೆ 3ಬಿ ಸಾಮರ್ಥ್ಯವಿರುವುದಿಲ್ಲ. ಸೋಗಾನೆಯ ಶಿವಮೊಗ್ಗ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ಬೆಂಗಳೂರಿಗೆ ಸೇವೆ ಆರಂಭವಾದದ್ದು ಇಂಥ ವಿಮಾನದಲ್ಲೇ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯವರಿಗೆ ಅದು ಹತ್ತಿರ, ನಿಜ. ಆದರೆ ಸಣ್ಣ ನಿಲ್ದಾಣದಿಂದ ಬೆಳಗಿನ ವಿಮಾನ ಹಿಡಿದು ಬೆಂಗಳೂರಿನಲ್ಲಿ ಇನ್ನೊಂದಕ್ಕೆ ಬದಲಾಯಿಸುವವರು ಎರಡೂ ಕಡೆಯ ಮಂಜನ್ನು ಲೆಕ್ಕಕ್ಕೆ ಹಿಡಿಯಬೇಕು.

ಸರಪಳಿ

ಒಂದು ವಿಮಾನ ದಿನಕ್ಕೆ ಐದಾರು ಬಾರಿ ಹಾರುತ್ತದೆ. ದೆಹಲಿಯಲ್ಲಿ ಬೆಳಿಗ್ಗೆ ಮೂರು ಗಂಟೆ ತಡವಾದ ವಿಮಾನ ಸಂಜೆ ಬೆಂಗಳೂರಿನಿಂದ ಹೊರಡುವಾಗಲೂ ಆ ಸಾಲವನ್ನು ತೀರಿಸಿರುವುದಿಲ್ಲ. ಅಷ್ಟರಲ್ಲಿ ಪೈಲಟ್‌ಗಳ ಕರ್ತವ್ಯದ ಅವಧಿಯೂ ಮುಗಿದರೆ ವಿಳಂಬ ರದ್ದತಿಯಾಗುತ್ತದೆ. ಹೀಗಾಗಿ ಬೆಂಗಳೂರಿನಲ್ಲಿ ಹೊಳೆಯುವ ಬಿಸಿಲಿದ್ದಾಗಲೂ ‘ಹವಾಮಾನದ ಕಾರಣ’ ಎಂಬ ಘೋಷಣೆ ಸುಳ್ಳಾಗಿರಬೇಕಿಲ್ಲ. ಹಾಗೆಂದು ಎಲ್ಲವನ್ನೂ ಮಂಜಿನ ತಲೆಗೆ ಕಟ್ಟುವಂತೆಯೂ ಇಲ್ಲ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದಾಗ ಮುಖ್ಯ ಕಾರಣ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಗಳಿಗೆ ಆಗಿರದ ಸಿದ್ಧತೆ.

ಬೆಂಗಳೂರಿನ ಮಂಜು ಹೆಚ್ಚಾಗಿ ನಸುಕಿನಲ್ಲಿ ಕಟ್ಟುತ್ತದೆ. ಸೂರ್ಯೋದಯವಾದ ಕೂಡಲೇ ಕರಗುವುದೂ ಇಲ್ಲ. ಎಳೆಬಿಸಿಲಿಗೆ ಇಬ್ಬನಿ ಆವಿಯಾಗಿ, ಗಾಳಿ ತುಸು ಕದಡಿ, ಕೆಲಹೊತ್ತು ಇನ್ನಷ್ಟು ದಟ್ಟವಾಗುವುದೂ ಉಂಟು. ಸಾಮಾನ್ಯವಾಗಿ 9ರ ವೇಳೆಗೆ ತಿಳಿಯಾಗುತ್ತದೆ. ದೆಹಲಿಯದು ಕೆಲವೊಮ್ಮೆ ಮಧ್ಯಾಹ್ನದವರೆಗೂ ಉಳಿಯುತ್ತದೆ. ಆದ್ದರಿಂದ ಡಿಸೆಂಬರ್, ಜನವರಿಗಳಲ್ಲಿ ದೆಹಲಿಗೆ ಹೋಗುವವರು ಬೆಂಗಳೂರಿನಿಂದ 10 ಗಂಟೆಯ ಮೇಲೆ ಹೊರಟು ಮಧ್ಯಾಹ್ನ ಇಳಿಯುವ ವಿಮಾನವನ್ನು ಆರಿಸುವುದು ಲೇಸು. ಪರೀಕ್ಷೆ, ಸಂದರ್ಶನವಿದ್ದರೆ ಒಂದು ದಿನ ಮೊದಲೇ. ನಮ್ಮ ವಿದ್ಯಾರ್ಥಿನಿ ಮಾಡಬೇಕಿದ್ದದ್ದೂ ಅದನ್ನೇ. ಎರಡು ವಿಮಾನ ಬದಲಿಸಬೇಕಾದರೆ ಎರಡೂ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಹೊರುವವರಿರುವುದಿಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2010ರಲ್ಲಿ ಹೊರಡಿಸಿ ನಂತರ ತಿದ್ದುತ್ತ ಬಂದಿರುವ ನಿಯಮಗಳ ಪ್ರಕಾರ ಮಂಜಿನಂಥ ಅಸಾಧಾರಣ ಕಾರಣಕ್ಕೆ ನಗದು ಪರಿಹಾರವಿಲ್ಲ. ಇಷ್ಟು ಕೇಳಿ ಎಷ್ಟೋ ಮಂದಿ ಸುಮ್ಮನಾಗಿಬಿಡುತ್ತಾರೆ. ಆದರೆ ರದ್ದಾದರೆ ಹಣ ವಾಪಸು ಅಥವಾ ಬದಲಿ ವಿಮಾನ ಕೇಳುವ ಹಕ್ಕು ಉಳಿದೇ ಇರುತ್ತದೆ. ಎರಡೂವರೆ ಗಂಟೆಯವರೆಗಿನ ಹಾರಾಟ 2 ಗಂಟೆ ತಡವಾದರೆ, ದೆಹಲಿಯಂಥ ಅದಕ್ಕಿಂತ ದೂರದ್ದು 3 ಗಂಟೆ ತಡವಾದರೆ, ಕಾಯುವವರಿಗೆ ಊಟ-ಉಪಾಹಾರ ಕೊಡಬೇಕು. 6 ಗಂಟೆ ಮೀರಿದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ. 2024ರ ಜನವರಿ ಮಧ್ಯದಲ್ಲಿ ದೆಹಲಿಯ ಮಂಜಿಗೆ ನೂರಾರು ವಿಮಾನಗಳು ತಡವಾಗಿ ಗಲಾಟೆಯಾದ ಮೇಲೆ, 3 ಗಂಟೆಗೂ ಹೆಚ್ಚು ತಡವಾಗುವಂತಿದ್ದರೆ ಮೊದಲೇ ರದ್ದುಮಾಡಿ ತಿಳಿಸಬಹುದೆಂಬ ಸೂಚನೆಯೂ ಬಂತು. ಮನೆಯಿಂದ ಹೊರಡುವ ಮುನ್ನ ಮೊಬೈಲ್ ನೋಡುವುದು ಇದಕ್ಕೇ.

ವಿಮಾನ ತಪ್ಪೀತೆಂಬ ಆತುರದಲ್ಲಿ ಮಂಜಿನ ಹೆದ್ದಾರಿಯಲ್ಲಿ ಕಾರು ಓಡಿಸುವುದು ಮಾತ್ರ ಎಲ್ಲಕ್ಕಿಂತ ಅಪಾಯ. ಜಗಳೂರಿನಿಂದ ಹೊರಟವರಿಗೆ ಊರಿನಲ್ಲಿ ಮಂಜಿಲ್ಲದಿದ್ದರೂ ತುಮಕೂರು ದಾಟುವಷ್ಟರಲ್ಲಿ ಎದುರಾಗಬಹುದು. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಕಂಡು, ಬ್ರೇಕ್ ಒತ್ತಿ, ನಿಲ್ಲುವಷ್ಟರಲ್ಲಿ 75 ಮೀಟರ್ ಸಾಗಿರುತ್ತದೆ. ಗೋಚರತೆ 50 ಮೀಟರ್ ಇದ್ದರೆ ಎದುರಿನ ಲಾರಿ ಕಂಡರೂ ನಿಲ್ಲಿಸಲಾಗದು. ಪೈಲಟ್‌ಗೆ ‘ಇಳಿಯಬೇಡ’ ಎನ್ನುವ ಮಿತಿಯಿದೆ, ಚಾಲಕನಿಗೆ ಅದನ್ನು ಹೇಳುವವರಿಲ್ಲ.

ಶಾಲೆಯಲ್ಲಿ ಮಾಡಿ ನೋಡಬಹುದಾದ ಒಂದು ಕೆಲಸವಿದೆ. ಚಳಿಗಾಲದ ಮೋಡವಿಲ್ಲದ ರಾತ್ರಿ ಒಂದು ಕೋಲಿಗೆ ನೆಲಮಟ್ಟದಲ್ಲಿ, 30 ಸೆಂ.ಮೀ. ಎತ್ತರದಲ್ಲಿ ಮತ್ತು ಒಂದೂವರೆ ಮೀಟರ್ ಎತ್ತರದಲ್ಲಿ ಮೂರು ಉಷ್ಣತಾಮಾಪಕ ಕಟ್ಟಿ, ಬೆಳಗಿನ 5ಕ್ಕೆ ಓದಿ. ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ ನಾಲ್ಕನೆಯದೊಂದಿರಲಿ. ಒದ್ದೆಯದೂ ಒಣದೂ ಒಂದೇ ಉಷ್ಣತೆ ತೋರಿದರೆ ಗಾಳಿ ಸಂತೃಪ್ತವಾಗಿದೆ. ನಿಲ್ದಾಣಗಳ ಹವಾ ವರದಿ ‘ಮೆಟಾರ್’ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ 15/15 ಎಂಬಂತೆ ಉಷ್ಣತೆ ಮತ್ತು ತುಷಾರ ಬಿಂದು ಸಮವಾಗಿದ್ದು, ಪಕ್ಕದಲ್ಲಿ ‘ಎಫ್‌ಜಿ’ ಎಂದಿದ್ದರೆ ದೇವನಹಳ್ಳಿಯಲ್ಲಿ ಮಂಜು ಕಟ್ಟಿದೆ ಎಂದರ್ಥ. ಹೊನ್ನಾಳಿಯ ಶಾಲೆಯ ಓದನ್ನೂ ಜಗಳೂರಿನ ಶಾಲೆಯ ಓದನ್ನೂ ಒಂದು ತಿಂಗಳು ಈ ವರದಿಯ ಪಕ್ಕದಲ್ಲಿ ಬರೆದಿಡಿ.